ಜನವರಿಯ ಹಳ್ಳಕ್ಕೆ ಫ್ಲೋರೈಡ್ ಎಲ್ಲಿಂದ ಬಂತು?

ಪ್ರಶ್ನೆ: ನಾನು ಚಿಕ್ಕಮಗಳೂರಿನ ಒಂದು ಖಾಸಗಿ ನೀರು ಪರೀಕ್ಷಾ ಪ್ರಯೋಗಾಲಯದಲ್ಲಿ ಎರಡು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ನೀರಿನಲ್ಲಿ ಕರಗಿದ ಅಯಾನುಗಳನ್ನು ಬೇರ್ಪಡಿಸಿ ಅಳೆಯುವ ಅಯಾನ್ ಕ್ರೊಮ್ಯಾಟೋಗ್ರಫಿ ಯಂತ್ರ ನನ್ನ ಸುಪರ್ದಿಯಲ್ಲಿದೆ. ಕಾರ್ಬೊನೇಟ್-ಬೈಕಾರ್ಬೊನೇಟ್ ಎಲುಯೆಂಟ್ (ಮಾದರಿಯನ್ನು ಕಾಲಂ ಎಂಬ ಕೊಳವೆಯ ಮೂಲಕ ಹೊತ್ತೊಯ್ಯುವ ದ್ರಾವಣ), ಸಪ್ರೆಸರ್ (ಆ ದ್ರಾವಣದ ವಾಹಕತೆ ತಗ್ಗಿಸುವ ಭಾಗ), ವಾಹಕತೆಯ ಡಿಟೆಕ್ಟರ್. ಒಂದು ರನ್ 16 ನಿಮಿಷ. ಮೂಡಿಗೆರೆ ಕಡೆಯ ಒಂದು ಹಳ್ಳದ ನೀರಿನಲ್ಲಿ ಆಗಸ್ಟ್‌ನಲ್ಲಿ ಲೀಟರಿಗೆ 0.1 ಮಿಲಿಗ್ರಾಂ ಇದ್ದ ಫ್ಲೋರೈಡ್ ಜನವರಿಯಲ್ಲಿ 2.8 ಎಂದು ಬಂದಿದೆ. ಮಾದರಿ ಕೊಟ್ಟವರು ವರದಿಗೆ ಅವಸರ ಮಾಡುತ್ತಿದ್ದಾರೆ. ಅದೇ ವಾರ ಬೇರೆ ಕೆಲವು ಮಾದರಿಗಳಲ್ಲಿ 6.8 ನಿಮಿಷಕ್ಕೆ, ಬ್ರೋಮೈಡ್ ಬರುವ ಜಾಗದಲ್ಲಿ, ಗುಡ್ಡದಂತೆ ಅಗಲವಾದ ಪೀಕ್ (ಯಂತ್ರ ಬರೆಯುವ ರೇಖೆಯಲ್ಲಿನ ಏರಿಳಿತ) ಕಾಣಿಸಿತು. ಅದೇ ವೈಯಲನ್ನು (ಮಾದರಿಯ ಪುಟ್ಟ ಶೀಶೆ) ಮತ್ತೆ ಇಂಜೆಕ್ಟ್ ಮಾಡಿದರೆ ಮಾಯವಾಗುತ್ತದೆ. ಸಾಲದ್ದಕ್ಕೆ ಬ್ಲಾಂಕ್‌ನಲ್ಲೂ, ಅಂದರೆ ಬರೀ ಶುದ್ಧ ನೀರಿನಲ್ಲೂ, ಸ್ವಲ್ಪ ಕ್ಲೋರೈಡ್ ಮತ್ತು ನೈಟ್ರೇಟ್ ಬರುತ್ತಿವೆ. ಕಾಲಂ ಹಾಳಾಗಿದೆಯೇ? ಹೊಸದು ತರಿಸಬೇಕೇ?

ಉತ್ತರ: ಹೊಸ ಕಾಲಂ ತರಿಸುವ ಮಾತನ್ನು ಸದ್ಯ ಬದಿಗಿಡಿ. ನೀವು ಕಳುಹಿಸಿದ ಚಿತ್ರಗಳಲ್ಲಿ ಸ್ಟ್ಯಾಂಡರ್ಡ್‌ನ (ಏನು, ಎಷ್ಟು ಇದೆ ಎಂದು ಮೊದಲೇ ಗೊತ್ತಿರುವ ದ್ರಾವಣದ) ಏಳೂ ಪೀಕ್‌ಗಳು ಚೂಪಾಗಿ, ಒಂದಕ್ಕೊಂದು ತಾಗದೆ ನಿಂತಿವೆ. ಮುದಿಯಾದ ಕಾಲಂ ಹಾಗೆ ನಿಲ್ಲಿಸುವುದಿಲ್ಲ; ಅದರಲ್ಲಿ ಎಲ್ಲ ಪೀಕ್‌ಗಳೂ ಒಟ್ಟಾಗಿ ಹೊತ್ತಿಗೆ ಮುಂಚೆ ಬರತೊಡಗುತ್ತವೆ, ಅಗಲವಾಗುತ್ತವೆ, ಬಾಲ ಬೆಳೆಸಿಕೊಳ್ಳುತ್ತವೆ. ನಿಮ್ಮಲ್ಲಿರುವುದು ಮೂರು ಬೇರೆ ಬೇರೆ ತೊಂದರೆಗಳು. ಒಂದೇ ವಾರ ಎದುರಾದವು ಎಂಬ ಕಾರಣಕ್ಕೆ ಒಂದೇ ರೋಗದ ಲಕ್ಷಣಗಳಂತೆ ಕಂಡಿವೆ. ಹಾಸನದಲ್ಲಿ ಇಪ್ಪತ್ತೈದು ವರ್ಷ ಇಂಥದೇ ಯಂತ್ರದ ಮುಂದೆ ಕುಳಿತವನು ನಾನು. ಮೂರೂ ನನಗೆ ಹಳೆಯ ಪರಿಚಯದವೇ.

ವರದಿಗೆ ಕಾದು ಕುಳಿತವರಿದ್ದಾರೆ, ಹಾಗಾಗಿ ಫ್ಲೋರೈಡ್‌ನಿಂದಲೇ ಶುರು ಮಾಡೋಣ. ಅದಕ್ಕೂ ಮೊದಲು ಈ ಯಂತ್ರಕ್ಕೆ ಏನು ಗೊತ್ತು, ಏನು ಗೊತ್ತಿಲ್ಲ ಎಂಬುದನ್ನು ನೆನಪಿಸಬೇಕು. 1975ರಲ್ಲಿ ಡೌ ಕೆಮಿಕಲ್‌ನ ಹ್ಯಾಮಿಶ್ ಸ್ಮಾಲ್, ಸ್ಟೀವನ್ಸ್ ಮತ್ತು ಬೌಮನ್ ಈ ವಿಧಾನವನ್ನು ಪ್ರಕಟಿಸಿದಾಗ ಅದರ ಜಾಣತನವೆಲ್ಲ ಇದ್ದದ್ದು ಎಲುಯೆಂಟಿನ ಸದ್ದಡಗಿಸುವುದರಲ್ಲಿ. ಸಪ್ರೆಸರ್ ಎಲುಯೆಂಟಿನ ಸೋಡಿಯಂ ಕಿತ್ತುಕೊಂಡು ಅದರ ಜಾಗಕ್ಕೆ ಹೈಡ್ರೋಜನ್ ಅಯಾನು ಕೊಡುತ್ತದೆ. ಕಾರ್ಬೊನೇಟ್ ಕಾರ್ಬೊನಿಕ್ ಆಮ್ಲವಾಗಿ ಬಹುಮಟ್ಟಿಗೆ ಸುಮ್ಮನಾಗುತ್ತದೆ. ಆ ಮೌನದಲ್ಲಿ ಮಾದರಿಯ ಅಯಾನು ಬಂದಾಗ ವಾಹಕತೆ ಏರಿ ಇಳಿಯುವುದು ಕೇಳಿಸುತ್ತದೆ. ಡಿಟೆಕ್ಟರ್‌ಗೆ ತಿಳಿಯುವುದು ಇಷ್ಟೇ: ಏನೋ ಬಂತು, ಹೋಯಿತು. ಹೆಸರು ಬರೆಯುವುದು ಕಂಪ್ಯೂಟರ್, ಅದೂ ಗಡಿಯಾರ ನೋಡಿಕೊಂಡು. ಬೋರ್ಡು ಓದದೆ, ಏಳೂವರೆಗೆ ಬಂದದ್ದರಿಂದ ಇದೇ ನಮ್ಮ ಬಸ್ಸು ಎಂದು ಹತ್ತಿ, ಕಳಸಕ್ಕೆ ಹೊರಟವರು ಕೊಪ್ಪದಲ್ಲಿ ಇಳಿದ ಹಾಗೆ.

ಈಗ ನಿಮ್ಮ ಚಿತ್ರ ನೋಡಿ. ಸ್ಟ್ಯಾಂಡರ್ಡ್‌ನಲ್ಲಿ ಫ್ಲೋರೈಡ್ ಐದು ಸಲವೂ 3.09ರಿಂದ 3.11 ನಿಮಿಷದೊಳಗೆ ಬಂದಿದೆ. ಹಳ್ಳದ ನೀರಿನ ಪೀಕ್ ಬಂದಿರುವುದು 3.19ಕ್ಕೆ. ವ್ಯತ್ಯಾಸ ಐದು ಸೆಕೆಂಡು. ನಿಮ್ಮ ಸಾಫ್ಟ್‌ವೇರ್‌ನಲ್ಲಿ ಶೇ 5ರ ಕಿಟಕಿ ಇಟ್ಟಿದ್ದೀರಿ, ಅಂದರೆ 2.95ರಿಂದ 3.25ರ ನಡುವೆ ಯಾರೇ ಬಂದರೂ ಅದು ಫ್ಲೋರೈಡ್ ಎಂದು ಹಾಜರಿ ಹಾಕುತ್ತದೆ. ಪಂಪಿನ ಹರಿವು ನಿಧಾನವಾಗಿ ತಡವಾಗಿರಬಹುದೇ? ಹಾಗಿದ್ದರೆ ಕ್ಲೋರೈಡ್ ಕೂಡ ತಡವಾಗಬೇಕಿತ್ತು. ಎರಡೂ ಚಿತ್ರಗಳಲ್ಲಿ ಕ್ಲೋರೈಡ್ 4.50ಕ್ಕೇ ನಿಂತಿದೆ. ಜೊತೆಗೆ ಆ ಪೀಕಿನ ಎಡಗಡೆಯ ಇಳಿಜಾರನ್ನು ದೊಡ್ಡದು ಮಾಡಿ ನೋಡಿದೆ, 3.1ರ ಹತ್ತಿರ ಸಣ್ಣ ಭುಜದಂಥದೊಂದಿದೆ. ನಿಜವಾದ ಫ್ಲೋರೈಡ್ ಅಲ್ಲಿ, ಇನ್ನೊಬ್ಬರ ಕಂಕುಳಲ್ಲಿ ಸಿಕ್ಕಿಕೊಂಡಿದೆ ಎಂದು ನನ್ನ ಅನುಮಾನ.

ಆ ಇನ್ನೊಬ್ಬರು ಯಾರು? ಇದಕ್ಕೆ ಯಂತ್ರದ ಕಡೆ ನೋಡುವುದಕ್ಕಿಂತ ಕಿಟಕಿಯಾಚೆ ನೋಡುವುದು ಲೇಸು. ಮೂಡಿಗೆರೆ, ಜನವರಿ. ಅರೇಬಿಕಾ ಕೊಯ್ಲು ಮುಗಿಯುತ್ತ, ರೊಬಸ್ಟಾ ಕೊಯ್ಲು ಏರುತ್ತಿರುವ ಹೊತ್ತು. ಪಲ್ಪರ್‌ಗಳು ಹಗಲಿರುಳು ತಿರುಗುತ್ತಿರುತ್ತವೆ. ಕಾಫಿ ಹಣ್ಣಿನ ಸಿಪ್ಪೆ ಸುಲಿದು ಬೀಜದ ಮೇಲಿನ ಲೋಳೆಯನ್ನು ಹುದುಗಿಸಿ ತೊಳೆದ ನೀರಿನಲ್ಲಿ ಸಕ್ಕರೆ, ಪೆಕ್ಟಿನ್ ತುಂಬಿರುತ್ತವೆ. ಅದು ಹುಳಿಯುತ್ತ ಅಸಿಟಿಕ್, ಲ್ಯಾಕ್ಟಿಕ್ ಮೊದಲಾದ ಆಮ್ಲಗಳಾಗುತ್ತದೆ. ಆ ನೀರು ಸರಿಯಾಗಿ ಸಂಸ್ಕರಣೆಯಾಗದೆ ತೋಡಿಗೆ ಸೇರಿತೆಂದರೆ ಹಳ್ಳದಲ್ಲಿ ಅಸಿಟೇಟ್, ಲ್ಯಾಕ್ಟೇಟ್, ಫಾರ್ಮೇಟ್ ಇರುತ್ತವೆ. ಇವು ಮೂರೂ ಕಾಲಂನಲ್ಲಿ ಹೆಚ್ಚು ಹೊತ್ತು ತಂಗದ ಅತಿಥಿಗಳು. ಕಾರ್ಬೊನೇಟ್ ಎಲುಯೆಂಟಿನಲ್ಲಿ ಫ್ಲೋರೈಡ್‌ನ ಬೆನ್ನಿಗೇ, ಕೆಲವೊಮ್ಮೆ ಅದರ ಮೈಮೇಲೇ ಬರುತ್ತವೆ. ಆಗಸ್ಟ್‌ನಲ್ಲಿ ಪಲ್ಪಿಂಗ್ ಇರಲಿಲ್ಲ, ಮಳೆಯಲ್ಲಿ ಹಳ್ಳ ತುಂಬಿ ಹರಿಯುತ್ತಿತ್ತು, ಪೀಕ್ ಸಣ್ಣದಿತ್ತು. ಕತೆ ಹೊಂದುತ್ತದೆ. ಮಾದರಿಯ ಬಾಟಲಿ ಇನ್ನೂ ಇದ್ದರೆ ಮುಚ್ಚಳ ತೆಗೆದು ಮೂಸಿ ನೋಡಿ. ಪಲ್ಪರ್ ಮನೆಯ ಹಿಂದೆ ಹಾದುಹೋದ ಯಾರಿಗೂ ಆ ಹುಳಿ ವಾಸನೆಯ ಪರಿಚಯ ಹೇಳಿಕೊಡಬೇಕಾಗಿಲ್ಲ.

ನೆಲದ ಸಾಕ್ಷಿಯೂ ಇದೇ ದಿಕ್ಕಿಗಿದೆ. ಫ್ಲೋರೈಡ್ ಬರುವುದು ಬಂಡೆಯಿಂದ, ನೀರು ಬಂಡೆಯ ಬಿರುಕುಗಳಲ್ಲಿ ವರ್ಷಗಟ್ಟಲೆ ಕುಳಿತು ಕ್ಯಾಲ್ಸಿಯಂ ಕಡಿಮೆ, ಬೈಕಾರ್ಬೊನೇಟ್ ಹೆಚ್ಚು ಆದಲ್ಲಿ. ಕಡೂರು, ಅರಸೀಕೆರೆಯಂಥ ಬಯಲು ತಾಲ್ಲೂಕಿನ ಆಳದ ಕೊಳವೆಬಾವಿಯಲ್ಲಿ 2.8 ಬಂದಿದ್ದರೆ ನಾನು ಹುಬ್ಬೇರಿಸುತ್ತಿರಲಿಲ್ಲ. ಮಲೆನಾಡಿನ ಹರಿಯುವ ಹಳ್ಳದಲ್ಲಿ, ಕೆಲವು ತಿಂಗಳಲ್ಲಿ ಇಪ್ಪತ್ತೆಂಟು ಪಟ್ಟು ಏರಿದೆ ಎಂದರೆ ಅನುಮಾನಿಸುವುದು ಧರ್ಮ. ಆದರೆ ಅನುಮಾನವನ್ನೇ ವರದಿಯಲ್ಲಿ ಬರೆಯುವ ಹಾಗಿಲ್ಲವಲ್ಲ, ರುಜುವಾತು ಬೇಕು.

ಎಲ್ಲಕ್ಕಿಂತ ಅಗ್ಗದ ರುಜುವಾತು ನಿಮ್ಮ ಕಪಾಟಿನಲ್ಲೇ ಇರಬಹುದು: ಫ್ಲೋರೈಡ್ ಎಲೆಕ್ಟ್ರೋಡ್. ಅದರೊಂದಿಗೆ ಬಳಸುವ ಟಿಸ್ಯಾಬ್ ಬಫರ್‌ನಲ್ಲಿ ಲೀಟರಿಗೆ 57 ಮಿಲಿಲೀಟರ್ ಅಸಿಟಿಕ್ ಆಮ್ಲವೇ ಇರುತ್ತದೆ. ಅಷ್ಟು ಅಸಿಟೇಟ್ ನಡುವೆ ಕುಳಿತು ಫ್ಲೋರೈಡ್ ಅಳೆಯುವ ಎಲೆಕ್ಟ್ರೋಡ್‌ಗೆ ನಿಮ್ಮ ಹಳ್ಳದ ಅಸಿಟೇಟ್ ಯಾವ ಲೆಕ್ಕ? ಯಂತ್ರ 2.8 ಎಂದು, ಎಲೆಕ್ಟ್ರೋಡ್ 0.1 ಅಥವಾ 0.2 ಎಂದು ಹೇಳಿದರೆ ಅರ್ಧ ಗಂಟೆಯಲ್ಲಿ ವ್ಯಾಜ್ಯ ಮುಗಿಯಿತು. ಎರಡೂ 2.8 ಎಂದರೆ ನನ್ನ ಕಾಫಿಯ ಕತೆಯನ್ನು ಮುಲಾಜಿಲ್ಲದೆ ಕಸದಬುಟ್ಟಿಗೆ ಹಾಕಿ.

ಎಲೆಕ್ಟ್ರೋಡ್ ಇಲ್ಲದಿದ್ದರೆ ಎಲುಯೆಂಟನ್ನು ತೆಳುಮಾಡಿ. ಅರ್ಧ ಮಾಡಿದರೆ ಸಾಲದು, ಐದು ಸೆಕೆಂಡಿನ ಅಂತರ ಏಳೆಂಟು ಸೆಕೆಂಡಾಗುತ್ತದೆ ಅಷ್ಟೇ. ನಾಲ್ಕನೇ ಒಂದಕ್ಕೆ ಇಳಿಸಿ, ಸಲ್ಫೇಟ್ ಬರಲು ನಲವತ್ತು ನಿಮಿಷ ಹಿಡಿದರೂ ಹಿಡಿಯಲಿ. ಆಗ ಭುಜದಂತೆ ಕಂಡದ್ದು ಬೇರೆ ತಲೆಯಾಗಿ ಎದ್ದು ನಿಲ್ಲಬೇಕು. ಇದರಲ್ಲಿ ಇನ್ನೊಂದು ಲಾಭವಿದೆ, ಪುಸ್ತಕಗಳಲ್ಲಿ ಸೂತ್ರವಾಗಿ ಇದ್ದರೂ ಬೆಂಚಿನ ಮೇಲೆ ಬಳಸುವವರು ಕಡಿಮೆ. ಎಲುಯೆಂಟಿನ ಕಾರ್ಬೊನೇಟ್ ಎರಡು ಋಣಾಂಶ (ಋಣ ವಿದ್ಯುದಂಶ) ಹೊತ್ತದ್ದು. ಅದನ್ನು ನಾಲ್ಕನೇ ಒಂದಕ್ಕೆ ಇಳಿಸಿದಾಗ, ಖಾಲಿ ನೀರು ಕಾಲಂ ದಾಟುವ ಸಮಯವನ್ನು ಕಳೆದು ಉಳಿದ ತಂಗುವ ಸಮಯವು ನೈಟ್ರೇಟ್‌ನಂಥ ಒಂದೇ ಋಣಾಂಶದ ಅಯಾನಿಗೆ ಸುಮಾರು ಎರಡು ಪಟ್ಟಾಗುತ್ತದೆ, ಸಲ್ಫೇಟ್‌ನಂಥ ಎರಡು ಋಣಾಂಶದ್ದಕ್ಕೆ ಸುಮಾರು ನಾಲ್ಕು ಪಟ್ಟಾಗುತ್ತದೆ. ಹೀಗಾಗಿ ಗುರುತಿಲ್ಲದ ಪೀಕ್ ಯಾರ ಜೊತೆ ಹೆಜ್ಜೆ ಹಾಕಿತು ಎಂದು ನೋಡಿದರೆ ಅದರ ಕುಲ ತಿಳಿಯುತ್ತದೆ. ಹೆಸರು ತಿಳಿಯದಿದ್ದರೂ ಶಂಕಿತರ ಪಟ್ಟಿ ಅರ್ಧಕ್ಕಿಳಿಯುತ್ತದೆ.

'ಸ್ಪೈಕ್ ಮಾಡಿ (ಮಾದರಿಗೇ ಫ್ಲೋರೈಡ್ ಬೆರೆಸಿ) ನೋಡಿದ್ದೇನೆ, ಸೇರಿಸಿದಷ್ಟೂ ಪೀಕ್ ಬೆಳೆಯಿತು, ಹಾಗಾಗಿ ಅದು ಫ್ಲೋರೈಡೇ' ಎಂದು ಚಿತ್ರಗಳ ಜೊತೆ ಬರೆದಿದ್ದೀರಿ. ಈ ವಾದ ನನಗೆ ಒಪ್ಪಿಗೆಯಿಲ್ಲ. ಎರಡು ಪೀಕ್‌ಗಳು ಒಂದರ ಮೇಲೊಂದು ಕುಳಿತಿದ್ದರೆ ಯಾರನ್ನು ಸೇರಿಸಿದರೂ ಗುಂಪು ದೊಡ್ಡದಾಗಿಯೇ ಕಾಣುತ್ತದೆ. ಸ್ಪೈಕ್‌ನಿಂದ 'ಇದು ಅದಲ್ಲ' ಎಂದು ಸಾಧಿಸಬಹುದು, 'ಇದು ಅದೇ' ಎಂದು ಸಾಧಿಸುವುದು ಕಷ್ಟ. ಮಾದರಿಯನ್ನು ಎರಡು ಪಾಲು ಮಾಡಿ, ಒಂದಕ್ಕೆ ಫ್ಲೋರೈಡ್, ಇನ್ನೊಂದಕ್ಕೆ ಸೋಡಿಯಂ ಅಸಿಟೇಟ್ ಹಾಕಿ ಎರಡರ ಆಕಾರವನ್ನೂ ಪಕ್ಕಪಕ್ಕ ಇಟ್ಟು ನೋಡಿ. ಮೊದಲನೆಯದರಲ್ಲಿ ಎಡಭುಜ ಏರಿ, ಎರಡನೆಯದರಲ್ಲಿ ತುದಿ ನೇರವಾಗಿ ಎತ್ತರವಾದರೆ ಅದು ಮಾತಾಡಿದಂತೆಯೇ. ಸ್ಪೈಕ್ ದ್ರಾವಣ ದಪ್ಪಗಿರಲಿ, ಹಾಕುವ ಪ್ರಮಾಣ ಮೈಕ್ರೊಲೀಟರ್‌ಗಳಲ್ಲಿರಲಿ. ಇಲ್ಲದಿದ್ದರೆ ಮಾದರಿಯೇ ತೆಳುವಾಗಿ ಬೇರೊಂದು ಗೊಂದಲ.

ಇನ್ನೊಂದು ಪರೀಕ್ಷೆಗೆ ಕಾಸಿಲ್ಲ, ತಾಳ್ಮೆ ಮಾತ್ರ ಬೇಕು. ಮಾದರಿಯ ಅರ್ಧವನ್ನು ಫ್ರಿಜ್ಜಿನಲ್ಲಿಡಿ, ಉಳಿದರ್ಧವನ್ನು ಸೋಸದೆ ಮೇಜಿನ ಮೇಲೆ ಒಂದು ವಾರ ಬಿಡಿ. ನೀರಿನಲ್ಲಿರುವ ಬ್ಯಾಕ್ಟೀರಿಯಾಗಳಿಗೆ ಅಸಿಟೇಟ್ ಎಂದರೆ ಊಟ. ಹಳ್ಳದ ನೀರಿನಲ್ಲಿ ಇನ್ನೂ ಸಕ್ಕರೆ ಉಳಿದಿದ್ದರೆ ಮೊದಲೆರಡು ದಿನ ಪೀಕ್ ಏರಲೂಬಹುದು, ಆಮೇಲೆ ಕುಸಿಯುತ್ತದೆ. ಏರಲಿ ಇಳಿಯಲಿ, ಬದಲಾಯಿತು ಎಂಬುದೇ ಸಾಕ್ಷಿ. ಫ್ಲೋರೈಡನ್ನು ತಿಂದು ಮುಗಿಸುವ ಜೀವಿಯನ್ನು ನಾನಂತೂ ಕಂಡಿಲ್ಲ.

ಒಂದು ಎಚ್ಚರಿಕೆ. ಅಯಾನುಗಳ ಲೆಕ್ಕ ತಾಳೆಯಾಗುತ್ತದೆಯೇ ಎಂದು ಧನ, ಋಣ ಎರಡೂ ಕಡೆ ಕೂಡಿ ನೋಡುವ ಒಳ್ಳೆಯ ಅಭ್ಯಾಸ ನಿಮಗಿದೆ, ಆದರೆ ಇಲ್ಲಿ ಅದನ್ನು ನಂಬಬೇಡಿ. ಕ್ಷಾರೀಯತೆಯನ್ನು ಆಮ್ಲ ಹಾಕಿ ಪಿಹೆಚ್ 4.5ರವರೆಗೆ ಟೈಟ್ರೇಟ್ ಮಾಡುವಾಗ ಅಸಿಟೇಟಿನ ಒಂದು ಭಾಗವೂ ಬೈಕಾರ್ಬೊನೇಟಿನ ವೇಷದಲ್ಲಿ ಲೆಕ್ಕಕ್ಕೆ ಸೇರಿಬಿಡುತ್ತದೆ. ತಾಳೆಯಾದಂತೆ ಕಾಣುವ ತಪ್ಪು ಲೆಕ್ಕಕ್ಕಿಂತ ತಾಳೆಯಾಗದ ಲೆಕ್ಕವೇ ವಾಸಿ.

ಇನ್ನು ಗುಡ್ಡ. ಇದು ನನಗೆ ಇಷ್ಟದ ವಿಷಯ, ಸ್ವಲ್ಪ ಎಳೆದು ಹೇಳುತ್ತೇನೆ, ಸಹಿಸಿಕೊಳ್ಳಿ.

ಎಲುಯೆಂಟಿನ ಸಾಂದ್ರತೆ ರನ್ ಉದ್ದಕ್ಕೂ ಒಂದೇ ಆಗಿರುವಾಗ, ಕಾಲಂನಲ್ಲಿ ಹೆಚ್ಚು ಹೊತ್ತು ಇದ್ದದ್ದು ಹೆಚ್ಚು ಹರಡಿಕೊಂಡು ಹೊರಬರುತ್ತದೆ. ಅಗಲಕ್ಕೂ ತಂಗಿದ ಹೊತ್ತಿಗೂ ಹೆಚ್ಚುಕಡಿಮೆ ನೇರ ಸಂಬಂಧ. ನಿಮ್ಮ ಚಿತ್ರದಲ್ಲಿ ನೈಟ್ರೇಟ್ 7.8 ನಿಮಿಷಕ್ಕೆ ಬಂದಿದೆ, ಬುಡದಲ್ಲಿ ಅದರ ಅಗಲ ಅರ್ಧ ನಿಮಿಷ. 7.8ನ್ನು 0.5ರಿಂದ ಭಾಗಿಸಿದರೆ 15.6. ಈ ಕಾಲಂನಲ್ಲಿ ಮರ್ಯಾದಸ್ಥ ಪೀಕ್ ಯಾವುದೇ ಇರಲಿ, ಅದರ ಸಮಯವು ಅಗಲದ ಹದಿನೈದು ಹದಿನಾರು ಪಟ್ಟಿರಬೇಕು. 6.8 ನಿಮಿಷಕ್ಕೆ ಬರುವ ನಿಜವಾದ ಬ್ರೋಮೈಡ್‌ನ ಅಗಲ 0.44ರ ಆಸುಪಾಸಿರಬೇಕು. ನಿಮ್ಮ ಗುಡ್ಡದ ಅಗಲವನ್ನು ಸ್ಕೇಲಿಟ್ಟು ಅಳೆದೆ: 1.6 ನಿಮಿಷ. ಅಂದರೆ ಅದು ಕಾಲಂ ಒಳಗೆ ಇದ್ದದ್ದು 1.6 ಗುಣಿಸು 15.6, ಹೆಚ್ಚುಕಡಿಮೆ 25 ನಿಮಿಷ. ನಿಮ್ಮ ರನ್ 16 ನಿಮಿಷದ್ದು. ಆಟೋಸ್ಯಾಂಪ್ಲರ್ ಸೂಜಿ ತೊಳೆದು ಮುಂದಿನದನ್ನು ಎತ್ತಿಕೊಳ್ಳಲು ಎರಡು ನಿಮಿಷ. 16, 2 ಮತ್ತು 6.8 ಕೂಡಿದರೆ 24.8.

ಈ ಪೀಕ್ ಆ ವೈಯಲಿನದ್ದೇ ಅಲ್ಲ. ಹಿಂದಿನ ವೈಯಲಿನಲ್ಲಿದ್ದ ಯಾವುದೋ ಅಯಾನು ರನ್ ಮುಗಿದರೂ ಕಾಲಂ ಬಿಡದೆ ಕುಳಿತಿದ್ದು, ಮುಂದಿನವರ ರನ್ ನಡೆಯುವಾಗ ಸಾವಕಾಶ ಎದ್ದು ಬಂದಿದೆ. ಅದೇ ವೈಯಲನ್ನು ಮತ್ತೆ ಇಂಜೆಕ್ಟ್ ಮಾಡಿದಾಗ ಮಾಯವಾಗುವುದು ಇದಕ್ಕೇ. ಆಗ ಅದರ ಹಿಂದಿದ್ದದ್ದು ಬೇರೆ ವೈಯಲ್.

ಖಚಿತ ಮಾಡಿಕೊಳ್ಳಲು ರನ್ ಸಮಯವನ್ನು 16ರಿಂದ 19 ನಿಮಿಷಕ್ಕೆ ಏರಿಸಿ, ಅದೇ ವೈಯಲ್‌ಗಳನ್ನು ಅದೇ ಕ್ರಮದಲ್ಲಿ ಓಡಿಸಿ. ಮಾದರಿಯ ಸ್ವಂತ ಪೀಕ್‌ಗಳು ಇದ್ದಲ್ಲೇ ಇರುತ್ತವೆ. ಗುಡ್ಡ ಮಾತ್ರ ಮೂರು ನಿಮಿಷ ಹಿಂದಕ್ಕೆ ಸರಿದು 3.8ರಲ್ಲಿ ಕಾಣಿಸಬೇಕು. ಒಂದು ವೇಳೆ ಅದು ಆರು ನಿಮಿಷ ಸರಿದು 0.8ಕ್ಕೆ ಹೋಗಿ ಕುಳಿತರೆ ಬಂದದ್ದು ಹಿಂದಿನ ವೈಯಲಿನಿಂದಲ್ಲ, ಅದರ ಹಿಂದಿನದರಿಂದ. ಈ ಉಪಾಯ ಕಲಿತ ದಿನ ನನಗೆ ಆದ ಸಂತೋಷ, ಯಂತ್ರ ಕೊಳ್ಳಲು ಮಂಜೂರಾತಿ ಸಿಕ್ಕ ದಿನವೂ ಆಗಿರಲಿಲ್ಲ.

ಅಷ್ಟು ಹೊತ್ತು ಜಿಗುಟಾಗಿ ಕೂರುವ ಅಯಾನು ಯಾವುದು? ಅಯೊಡೈಡ್, ಥಯೊಸಯನೇಟ್, ಪರ್ಕ್ಲೋರೇಟ್ ಎಲ್ಲ ಆ ಜಾತಿಯವೇ, ಆದರೆ ನಮ್ಮ ಹಳ್ಳಿ ನೀರಿನಲ್ಲಿ ಅವು ಹೀಗೆ ಗುಡ್ಡ ಕಟ್ಟುವಷ್ಟು ಇರುವುದು ಅಪರೂಪ. ನನ್ನ ಬೆರಳು ತೋರುವುದು ಥಯೊಸಲ್ಫೇಟ್ ಕಡೆಗೆ. ಅದು ನೀರಿನಲ್ಲಿದ್ದದ್ದಲ್ಲ, ಬಾಟಲಿಯಲ್ಲಿದ್ದದ್ದು.

ಹಲವು ವರ್ಷಗಳ ಹಿಂದೆ ಒಂದು ಬೇಸಿಗೆಯಲ್ಲಿ ನಾನು ಇದೇ ಗುಡ್ಡವನ್ನು ಹತ್ತು ದಿನ ಹತ್ತಿ ಇಳಿದಿದ್ದೇನೆ. ಎಲುಯೆಂಟ್ ಮೂರು ಸಲ ಹೊಸದಾಗಿ ಮಾಡಿದೆ, ಕಾಲಂ ತೊಳೆದೆ, ಸಪ್ರೆಸರ್ ಬಿಚ್ಚಿದೆ. ಕೊನೆಗೆ ಒಂದು ಸಂಜೆ ಮಾದರಿ ತರುವ ಹುಡುಗ ತನ್ನ ಪೆಟ್ಟಿಗೆ ಇಳಿಸುತ್ತಿದ್ದಾಗ, ಆರು ಬಾಟಲಿಗಳ ಕತ್ತಿಗೆ ಕಂದು ಕಾಗದ ಕಟ್ಟಿದ್ದು ಕಣ್ಣಿಗೆ ಬಿತ್ತು. 'ಇದೇಕೆ ಇದರಲ್ಲಿ ತಂದೆ?' ಎಂದೆ. 'ಸಾರ್, ಮಾಮೂಲಿ ಬಾಟಲಿ ಮುಗಿದಿತ್ತು. ಇದಾದರೆ ಕುಕ್ಕರಿನಲ್ಲಿ ಬೇಯಿಸಿದ್ದು, ಇನ್ನೂ ಶುದ್ಧ ಅಲ್ಲವೇ ಎಂದು ತಂದೆ' ಎಂದ. ಅವನ ತರ್ಕದಲ್ಲಿ ತಪ್ಪೇನೂ ಇರಲಿಲ್ಲ. ಅವು ಬ್ಯಾಕ್ಟೀರಿಯಾ ಪರೀಕ್ಷೆಯ ಬಾಟಲಿಗಳು. ನಲ್ಲಿ ನೀರಿನ ಕ್ಲೋರಿನ್ ದಾರಿಯುದ್ದಕ್ಕೂ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತ ಬರಬಾರದೆಂದು ಅವುಗಳೊಳಗೆ ಮೊದಲೇ ಸೋಡಿಯಂ ಥಯೊಸಲ್ಫೇಟ್ ಹಾಕಿರುತ್ತಾರೆ. ಒಣಗಿದ ಮೇಲೆ ಅದು ಕಣ್ಣಿಗೆ ಕಾಣುವುದಿಲ್ಲ. ನೀರು ತುಂಬಿದಾಗ ಲೀಟರಿಗೆ ಹತ್ತಾರು ಮಿಲಿಗ್ರಾಂ ಆಗುತ್ತದೆ.

ನಿಮ್ಮಲ್ಲೂ ಹೀಗೇ ಆಗಿದೆ ಎಂದು ನಾನು ಇಲ್ಲಿ ಕುಳಿತು ಪ್ರಮಾಣ ಮಾಡಲಾರೆ. ಗುಡ್ಡ ಕಂಡ ಪ್ರತಿ ರನ್‌ನ ಹಿಂದಿನ ವೈಯಲ್ ಯಾವುದು ಎಂದು ಸಾಲಾಗಿ ಬರೆದು, ಆ ಮಾದರಿಗಳು ಯಾವ ಬಾಟಲಿಯಲ್ಲಿ ಬಂದವು ಎಂದು ನೋಂದಣಿ ಪುಸ್ತಕದಲ್ಲಿ ನೋಡಿ. ಥಯೊಸಲ್ಫೇಟಿನ ತಿಳಿ ದ್ರಾವಣವೊಂದನ್ನು ಮಾಡಿ ಅರ್ಧ ಗಂಟೆಯ ರನ್ ಓಡಿಸಿದರೆ 25 ನಿಮಿಷದ ಹತ್ತಿರ ಅದೇ ಗುಡ್ಡ ಏಳುತ್ತದೆಯೇ ಎಂಬುದೂ ತಿಳಿಯುತ್ತದೆ. ಎದ್ದರೆ ಆ ಬಾಟಲಿಗಳ ಸಲ್ಫೇಟ್ ಫಲಿತಾಂಶಗಳನ್ನೂ ಕೈಬಿಡಿ. ಥಯೊಸಲ್ಫೇಟ್ ಕ್ಲೋರಿನ್ ಜೊತೆ ಸೇರಿದಾಗ ಸಲ್ಫೇಟ್ ಹುಟ್ಟುತ್ತದೆ. ಬೇರೆ ಬಾಟಲಿಯಲ್ಲಿ ಮರುಮಾದರಿ ತರಿಸುವುದು ಬಿಟ್ಟರೆ ಅದಕ್ಕೆ ರಿಪೇರಿ ಇಲ್ಲ.

ಬಾಟಲಿಯ ಮಾತು ಬಂದದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ಎಂದಾದರೂ ನೈಟ್ರೇಟ್ ಪೀಕ್ ಕಾಂಪೌಂಡ್ ಗೋಡೆಯಂತೆ ಎದ್ದು ಪಕ್ಕದವರನ್ನೆಲ್ಲ ಮುಚ್ಚಿಬಿಟ್ಟರೆ, ರಸಗೊಬ್ಬರ, ಆಲೂಗಡ್ಡೆ ಹೊಲ ಎಂದು ಕತೆ ಕಟ್ಟುವ ಮೊದಲು ಮಾದರಿಗೆ ಪಿಹೆಚ್ ಕಾಗದ ಅದ್ದಿ. ಕೆಂಪಾಯಿತೆಂದರೆ ಅದು ಲೋಹಗಳ ಪರೀಕ್ಷೆಗೆಂದು ನೈಟ್ರಿಕ್ ಆಮ್ಲ ಹಾಕಿಟ್ಟ ಬಾಟಲಿ. ಸಲ್ಫ್ಯೂರಿಕ್ ಆಮ್ಲ ಹಾಕಿಟ್ಟ ಬಾಟಲಿಯಲ್ಲಿ ಸಲ್ಫೇಟ್‌ನದ್ದೂ ಇದೇ ಪಾಡು.

ಬ್ಲಾಂಕ್‌ನಲ್ಲಿ ಕಾಣುವ ಕ್ಲೋರೈಡ್, ನೈಟ್ರೇಟ್ ವಿಚಾರ ಬೇಸರದ್ದು, ಆದರೆ ಕಷ್ಟದ್ದಲ್ಲ. ಮೊದಲು ಬ್ಲಾಂಕ್ ಅನ್ನು ಸತತ ನಾಲ್ಕು ಸಲ ಇಂಜೆಕ್ಟ್ ಮಾಡಿ. ದೊಡ್ಡ ಸ್ಟ್ಯಾಂಡರ್ಡ್ ಆದ ಮೇಲೆ 0.8, 0.2, 0.05 ಎಂದು ಮೆಟ್ಟಿಲಿಳಿದರೆ ಹಿಂದಿನದರ ಉಳಿಕೆ: ಸೂಜಿ, ಲೂಪ್ ಅಥವಾ ಗೀರು ಬಿದ್ದ ವಾಲ್ವ್ ಸೀಲ್. ನಾಲ್ಕು ಸಲವೂ 0.3 ಎಂದು ಹಟ ಹಿಡಿದು ನಿಂತರೆ ಎಲ್ಲೋ ಹೊರಗಿನಿಂದ ಸೇರುತ್ತಿದೆ. ಆಗ ಒಂದೊಂದೇ ಮೆಟ್ಟಿಲು ಸೇರಿಸುತ್ತ ಹೋಗಬೇಕು. ಏನೂ ಇಂಜೆಕ್ಟ್ ಮಾಡದೆ ಒಂದು ಖಾಲಿ ರನ್; ಶುದ್ಧನೀರಿನ ಘಟಕದಿಂದ ಆಗಷ್ಟೇ ಹಿಡಿದ 18.2 ಮೆಗಾಓಮ್ ನೀರು. ಅದೇ ನೀರು ನಿಮ್ಮ ವಾಶ್ ಬಾಟಲಿಯಿಂದ. ಅದೇ ನೀರು ಸಿರಿಂಜ್ ಮತ್ತು ಫಿಲ್ಟರ್ ಮೂಲಕ. ಪೀಕ್ ಯಾವ ಮೆಟ್ಟಿಲಿನಲ್ಲಿ ಹುಟ್ಟಿತೋ ಅಪರಾಧಿ ಅಲ್ಲೇ. ನನ್ನ ಅನುಭವದಲ್ಲಿ ಹತ್ತಕ್ಕೆ ಆರು ಸಲ ಅದು ಫಿಲ್ಟರ್. ಅದರಲ್ಲೂ ಸೆಲ್ಯುಲೋಸ್ ನೈಟ್ರೇಟ್ ಇರುವ ಫಿಲ್ಟರ್‌ನಿಂದ ನೈಟ್ರೇಟ್ ಬಂದರೆ ಆಶ್ಚರ್ಯವೇನು, ಹೆಸರಲ್ಲೇ ಇದೆ. ಯಾವ ಫಿಲ್ಟರ್ ಆದರೂ ಹತ್ತಿಪ್ಪತ್ತು ಮಿಲಿಲೀಟರ್ ಶುದ್ಧ ನೀರು ಹಾಯಿಸಿ ಚೆಲ್ಲಿ, ಆಮೇಲೆ ಮಾದರಿಯ ಮೊದಲ ಕೆಲವು ಹನಿಗಳನ್ನೂ ಚೆಲ್ಲಿ ಬಳಸಿ. ಕೈಗವಸು ತೊಟ್ಟಿದ್ದೇನೆಂದು ವೈಯಲಿನ ಬಾಯಿ ಮುಟ್ಟಬೇಡಿ. ನೈಟ್ರೈಲ್ ಕೈಗವಸುಗಳೂ ನೈಟ್ರೇಟ್, ಕ್ಲೋರೈಡ್ ಬಿಡುತ್ತವೆ. ಬರಿಗೈ ಬೆವರಿನ ಕತೆ ಹೇಳಲೇಬೇಕಾಗಿಲ್ಲ.

ನೀವು ಕೋಣೆಯ ಚಿತ್ರವನ್ನೂ ಕಳುಹಿಸಿದ್ದೀರಿ. ಯಂತ್ರದಿಂದ ಆರು ಅಡಿ ದೂರದಲ್ಲೇ ಹಾಟ್‌ಪ್ಲೇಟ್ ಮೇಲೆ ನೈಟ್ರಿಕ್ ಆಮ್ಲದಲ್ಲಿ ಲೋಹದ ಮಾದರಿಗಳು ಕುದಿಯುತ್ತಿವೆ! ಬಾಯಿ ತೆರೆದ ಲೋಟದಲ್ಲಿ ನೀರಿಟ್ಟರೆ ಆ ಹೊಗೆಯನ್ನು ಅದು ಕುಡಿಯದೆ ಇರುತ್ತದೆಯೇ? ಹಾಟ್‌ಪ್ಲೇಟನ್ನು ಇನ್ನೊಂದು ಕೋಣೆಯ ಹೊಗೆಗೂಡಿಗೆ ಸಾಗಿಸಿ. ಮೇಲೆ ಹೇಳಿದ ಎಲೆಕ್ಟ್ರೋಡ್ ಪರೀಕ್ಷೆಯನ್ನೂ ಈ ಬೆಂಚಿನ ಮೇಲೆ ಮಾಡಬೇಡಿ. ಟಿಸ್ಯಾಬ್‌ನಲ್ಲಿ ಲೀಟರಿಗೆ 58 ಗ್ರಾಂ ಉಪ್ಪಿದೆ, ಅಸಿಟಿಕ್ ಆಮ್ಲವಂತೂ ಇದ್ದೇ ಇದೆ. ಒಂದು ಹನಿ ಚೆಲ್ಲಿದರೂ ವಾರವಿಡೀ ಕ್ಲೋರೈಡನ್ನೂ ಅಸಿಟೇಟನ್ನೂ ಹುಡುಕುತ್ತ ಕೂರುತ್ತೀರಿ. ಇದನ್ನು ನಾನು ಸ್ವಂತ ಖರ್ಚಿನಲ್ಲಿ ಕಲಿತಿದ್ದೇನೆ.

ಕೇಳದಿದ್ದರೂ ಎರಡು ಮಾತು. ನೀವು ಕಳುಹಿಸಿದ ಕೊನೆಯ ಚಿತ್ರದಲ್ಲಿ, ಪಂಚಾಯಿತಿ ಟ್ಯಾಂಕಿನ ನೀರಿನಲ್ಲಿ, ನೈಟ್ರೇಟ್‌ಗಿಂತ ತುಸು ಮೊದಲು ಚೂಪಾದ ಸಣ್ಣ ಪೀಕ್ ಇದೆ. ನೀವು ಅದನ್ನು ಬ್ರೋಮೈಡ್ ಎಂದು ಗುರುತಿಸಿದ್ದೀರಿ. ಅದರ ಅಗಲ ಸರಿಯಾಗಿದೆ, ಹಾಗಾಗಿ ಹಿಂದಿನ ವೈಯಲಿನ ಭೂತವಲ್ಲ, ಆ ನೀರಿನದ್ದೇ. ಆದರೆ ಅದು ಕ್ಲೋರೇಟ್ ಇರಬಹುದು. ಕ್ಲೋರಿನ್ ದ್ರಾವಣ ಬಿಸಿಲಿನ ಶೆಡ್ಡಿನಲ್ಲಿ ತಿಂಗಳುಗಟ್ಟಲೆ ಕುಳಿತರೆ ಹೈಪೊಕ್ಲೋರೈಟ್ ಒಡೆದು ಕ್ಲೋರೇಟ್ ಆಗುತ್ತದೆ. ಕಾಲಂನಲ್ಲಿ ಅದರ ಜಾಗ ಬ್ರೋಮೈಡ್ ಮತ್ತು ನೈಟ್ರೇಟ್ ನಡುವೆ. ವಿಶ್ವ ಆರೋಗ್ಯ ಸಂಸ್ಥೆ ಕ್ಲೋರೇಟ್‌ಗೆ ಲೀಟರಿಗೆ 0.7 ಮಿಲಿಗ್ರಾಂ ಎಂಬ ತಾತ್ಕಾಲಿಕ ಮಾರ್ಗಸೂಚಿ ಮೌಲ್ಯ ಕೊಟ್ಟಿದೆ. ಕ್ಲೋರೇಟ್ ಸ್ಟ್ಯಾಂಡರ್ಡ್ ಒಂದನ್ನು ತರಿಸಿಟ್ಟುಕೊಳ್ಳುವುದು ಕಾಲಂ ತರಿಸುವುದಕ್ಕಿಂತ ಎಷ್ಟೋ ಅಗ್ಗ. ಇನ್ನೊಂದು, ಎಲುಯೆಂಟ್ ಬಾಟಲಿಯ ಬಾಯಿಯನ್ನು ಅಲ್ಯುಮಿನಿಯಂ ಹಾಳೆಯಿಂದ ಮುಚ್ಚಿದ್ದೀರಿ. ಗಾಳಿಯ ಇಂಗಾಲದ ಡೈಆಕ್ಸೈಡ್ ಒಳಗೆ ಹೋದಂತೆಲ್ಲ ಕಾರ್ಬೊನೇಟ್ ಬೈಕಾರ್ಬೊನೇಟ್ ಆಗಿ ಎಲುಯೆಂಟ್ ಬಲ ಕಳೆದುಕೊಳ್ಳುತ್ತದೆ, ವಾರದ ಕೊನೆಗೆ ಸಲ್ಫೇಟ್ ತಡವಾಗಿ ಬರುತ್ತದೆ. ಮುಚ್ಚಳಕ್ಕೆ ಆ ಅನಿಲವನ್ನು ಹೀರಿಕೊಳ್ಳುವ ಸೋಡಾ ಲೈಮ್ ಕೊಳವೆ ಸಿಕ್ಕಿಸಿ. ಮುಖ್ಯ ಕಾಲಂನ ಮುಂದೆ ಕಾವಲಿಗಿರುವ ಗಾರ್ಡ್ ಕಾಲಂ ಬದಲಿಸಿ ಎಷ್ಟು ದಿನವಾಯಿತು ಎಂದು ನೀವು ಬರೆದಿಲ್ಲ. ಮಳೆಗಾಲದ ಮಲೆನಾಡಿನ ನೀರು, ಎಲೆ ಕೊಳೆತ ಕಂದು ರಸ, ಕಬ್ಬಿಣ ಎಲ್ಲ ಮೊದಲು ಹಿಡಿಯುವುದು ಅದನ್ನೇ.

ಈಗ ವರದಿ. 2.8 ಎಂಬ ಅಂಕಿಯನ್ನು ಯಾವ ಕಾರಣಕ್ಕೂ ಹೊರಗೆ ಬಿಡಬೇಡಿ. ಕುಡಿಯುವ ನೀರಿನ ಐಎಸ್ 10500 ಮಾನದಂಡದಲ್ಲಿ ಫ್ಲೋರೈಡ್‌ಗೆ ಸ್ವೀಕಾರಾರ್ಹ ಮಿತಿ 1.0, ಬೇರೆ ಮೂಲವಿಲ್ಲದಿದ್ದರೆ 1.5 ಮಿಲಿಗ್ರಾಂ. 2.8 ಎಂದು ಬರೆದ ಕಾಗದ ಊರಿಗೆ ಹೋದರೆ ಮಕ್ಕಳ ಹಲ್ಲು ನೋಡಲು ಶುರು ಮಾಡುತ್ತಾರೆ, ಇಲ್ಲದ ಫ್ಲೋರೈಡ್ ತೆಗೆಯಲು ಫಿಲ್ಟರ್ ಕೊಳ್ಳುತ್ತಾರೆ, ಪಲ್ಪರ್ ನೀರು ಮಾತ್ರ ಹಳ್ಳಕ್ಕೆ ಬೀಳುತ್ತಲೇ ಇರುತ್ತದೆ. ಆ ಹಳ್ಳ ಹೇಮಾವತಿಗೆ ಸೇರುವುದಾದರೆ ಅದು ಹರಿದು ಬರುವುದು ಗೊರೂರಿಗೆ, ನಮ್ಮ ಕಡೆಗೆ. ಹಾಗಾಗಿ ನನಗೂ ಇದರಲ್ಲಿ ಸ್ವಾರ್ಥವಿದೆ ಎಂದು ಇಟ್ಟುಕೊಳ್ಳಿ. ಎಲೆಕ್ಟ್ರೋಡ್ ಕೊಟ್ಟ ಅಂಕಿಯನ್ನು, ಯಾವ ವಿಧಾನ ಎಂಬುದನ್ನು ನಮೂದಿಸಿ, ಫ್ಲೋರೈಡ್ ಎಂದು ಬರೆಯಿರಿ. ಅಸಿಟೇಟ್ ಸ್ಟ್ಯಾಂಡರ್ಡ್ ಓಡಿಸಿ ಖಚಿತವಾದರೆ ಮಾತ್ರ ಅಸಿಟೇಟ್ ಎಂದು ಬರೆಯಿರಿ, ಜೊತೆಗೆ ಬಿಒಡಿ ಪರೀಕ್ಷೆಗೆ (ನೀರಿನ ಕೊಳೆ ತಿನ್ನಲು ಬ್ಯಾಕ್ಟೀರಿಯಾಗಳಿಗೆ ಎಷ್ಟು ಆಮ್ಲಜನಕ ಬೇಕು ಎಂಬ ಅಳತೆ) ಶಿಫಾರಸು ಮಾಡಿ. ಮಾದರಿ ತಂದವರು ತೋಟದ ಮಾಲೀಕರೇ ಆಗಿದ್ದು ಪಲ್ಪರ್ ಅವರದೇ ಆಗಿದ್ದರೆ ಮಾತು ಸ್ವಲ್ಪ ಇಕ್ಕಟ್ಟಿನದ್ದು, ನಿಜ. ಆದರೂ ಅಂಕಿ ಬದಲಾಗುವುದಿಲ್ಲ.

ಮರುಮಾದರಿ ನೀವೇ ಹೋಗಿ ತನ್ನಿ. ಪಲ್ಪರ್ ನೀರು ಸೇರುವ ಜಾಗಕ್ಕಿಂತ ಮೇಲೊಂದು, ಕೆಳಗೊಂದು. ಹೊಸ ಪ್ಲಾಸ್ಟಿಕ್ ಬಾಟಲಿ, ಒಳಗೆ ಏನೂ ಹಾಕದ್ದು. ಹಳ್ಳದ ನೀರಿನಲ್ಲೇ ಮೂರು ಸಲ ಗಲಬರಿಸಿ, ಗಾಳಿ ಉಳಿಯದಂತೆ ಕಂಠದವರೆಗೆ ತುಂಬಿ, ಐಸ್ ಪೆಟ್ಟಿಗೆಯಲ್ಲಿಡಿ. ಅಸಿಟೇಟನ್ನು ದಾರಿಯಲ್ಲೇ ಬ್ಯಾಕ್ಟೀರಿಯಾ ತಿಂದುಹಾಕಬಾರದೆಂದಿದ್ದರೆ ದಡದಲ್ಲೇ 0.2 ಮೈಕ್ರಾನ್ ಫಿಲ್ಟರ್‌ನಲ್ಲಿ, ಮೊದಲೇ ತೊಳೆದದ್ದರಲ್ಲಿ, ಒಂದು ಸಣ್ಣ ಬಾಟಲಿಯಷ್ಟನ್ನು ಸೋಸಿಕೊಳ್ಳಿ. ಬೆಳಗ್ಗೆ ಹೊರಟರೆ ಮಧ್ಯಾಹ್ನ ಮೂರರೊಳಗೆ ಯಂತ್ರಕ್ಕೆ ಹಾಕಬಹುದು. ರನ್ ಸಮಯವನ್ನು ಅಂದಿನ ಮಟ್ಟಿಗೆ 30 ನಿಮಿಷ ಇಡಿ, ಪ್ರತಿ ಮಾದರಿಯ ನಂತರ ಒಂದು ಬ್ಲಾಂಕ್ ಇರಲಿ.